‘ಬೆಟ್ಟದ ಜೀವ’ದ ಶಂಕರಮ್ಮ

ಶ್ರೀ ಶಿವರಾಮ ಕಾರಂತರ ‘ಬೆಟ್ಟದ ಜೀವ’ವು (1943) ಕನ್ನಡಿಗರ ಮನೆಮನೆಗಳಲ್ಲಿ ಮನ್ನಣೆ ಪಡೆದ ಕಾದಂಬರಿ. ಅದರ ಮಾತು ಬಂದಾಗ ವಾಚಕರು ಮೊದಲು ನೆನೆಯುವದು ಗೋಪಾಲಯ್ಯನನ್ನು. ಕುಮಾರಪರ್ವತದ ಕಡೆಯ ಮಲೆಯಲ್ಲಿ, ಆನೆ ಹುಲಿಗಳ ನಡುವೆ, ಕಾಡು ಕಡಿದು ಅಡಿಕೆಯ ತೋಟವನ್ನೆಬ್ಬಿಸಿದ ಆ ಮುದುಕನ ಛಲವು ಕೊಂಡಾಡತಕ್ಕದ್ದೇ ಸರಿ. ಆದರೆ ಕೆಳಬೈಲಿನ ಆ ಮನೆಯಲ್ಲಿ ಬಾಳಿದುದು ಒಂದು ಜೀವವಲ್ಲ, ಎರಡು. ಗೋಪಾಲಯ್ಯನ ಮಡದಿ ಶಂಕರಮ್ಮನ ಪಾಲನ್ನು ಬಿಟ್ಟು ಈ ಕೃತಿಗೆ ಬೆಲೆ ಕಟ್ಟಹೋದರೆ ಲೆಕ್ಕ ತಪ್ಪುವದು.

ಹೊಸ ನೆಲದಲ್ಲಿ ಸಂಸಾರ ಹೂಡಿದ ತಾಯಿಯ ಕಥೆಯು ಪರದೇಶದ ಸಾಹಿತ್ಯದಲ್ಲಿಯೂ ಉಂಟು. ಅಮೇರಿಕೆಯ 1862ರ ಕಾಯಿದೆಯು, ಐದು ವರುಷ ನೆಲೆನಿಂತು ಸಾಗುವಳಿ ಮಾಡಿದವರಿಗೆ 160 ಎಕರೆ ಭೂಮಿಯನ್ನು ಕೊಡಮಾಡಿತು. ವಿಧವೆಯರೂ ಅವಿವಾಹಿತೆಯರೂ ಅದನ್ನು ಪಡೆಯಬಹುದಾಗಿತ್ತು. ಗಂಡನೊಡನೆ ದುಡಿದ ಹೆಂಡತಿಯ ಹೆಸರು ಮಾತ್ರ ಸಾಮಾನ್ಯವಾಗಿ ಹಕ್ಕುಪತ್ರದಲ್ಲಿ ಏರುತ್ತಿರಲಿಲ್ಲ. ನಾರ್ವೆಯಿಂದ ಅಲ್ಲಿಗೆ ಹೋಗಿ ನೆಲೆಸಿದ ರೋಲ್ವಾಗನು ತನ್ನ ‘ಜೈಂಟ್ಸ್ ಇನ್ ದಿ ಅರ್ಥ್’ ಎಂಬ ಕಾದಂಬರಿಯಲ್ಲಿ ಇಂಥ ಒಬ್ಬ ತಾಯಿಯನ್ನು ಚಿತ್ರಿಸಿರುವನು. ಡಕೋಟದ ಹುಲ್ಲುಬಯಲನ್ನು ಕಂಡು ಗಂಡ ಪೇರ್ ಹಾನ್ಸನು ಹಿಗ್ಗುವನು. ಹೆಂಡತಿ ಬೆರೆಟಳು ಕುಗ್ಗುವಳು. ಮರೆಗೊಂದು ಮರವಿಲ್ಲದ ಆ ಬಯಲು ಅವಳಿಗೆ ನುಂಗಬಂದ ಬಾಯಿಯಂತೆ ತೋರುವದು. ಕಿಟಕಿಗೆ ಬಟ್ಟೆ ಮುಚ್ಚಿ ಕುಳಿತುಕೊಳ್ಳುವಷ್ಟು ದಿಗಿಲು. ನವಲಗುಂದದ ಎರೆಹೊಲಗಳನ್ನು ಬೇಸಗೆಯ ನಡುಹಗಲಿನಲ್ಲಿ ದಾಟಿದವರಿಗೆ ಆ ದಿಗಿಲು ತಕ್ಕಮಟ್ಟಿಗೆ ತಿಳಿದೀತು.

ಶಂಕರಮ್ಮನ ಸ್ಥಿತಿ ಇದಕ್ಕೆ ತೀರ ಬೇರೆ. ಅವಳ ಸುತ್ತ ಬಯಲಿಲ್ಲ, ಬೆಟ್ಟವಿದೆ. ಕಾಡು ಅವಳನ್ನು ಹೆದರಿಸಲಾರದು. ಮುಪ್ಪಿನ ತನಕ ಅದರೊಡನೆ ಒಗೆತನ ಮಾಡಿ ಅದನ್ನು ಮನೆಯ ಹಿತ್ತಲಾಗಿ ಮಾಡಿಕೊಂಡವಳು ಅವಳು. ಅವಳ ದುಃಖವು ಮನುಷ್ಯರಿಂದ ಬಂದುದು. ಮಗ ಶಂಭುವು ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ದಾರಿ ತಪ್ಪಿ ಬಂದ ಅತಿಥಿಯೊಬ್ಬನನ್ನು ಆ ದಂಪತಿಗಳು ಇಂದು ಬೇಡ, ನಾಳೆ ಹೋದರಾಯಿತೆಂದು ತಡೆತಡೆದು ನಿಲ್ಲಿಸಿಕೊಳ್ಳುವದರಲ್ಲಿ ಇರುವ ಕರುಣೆಯನ್ನು ಕಾರಂತರು ಎಲ್ಲಿಯೂ ಬಾಯಿಬಿಟ್ಟು ಹೇಳಿ ಕೆಡಿಸಿಲ್ಲ. ಆತನಿಗೆ ಕಾಯಿಸಿದ ಬಿಸಿನೀರಿನಲ್ಲಿ, ಬಡಿಸಿದ ಅನ್ನದಲ್ಲಿ, ಮಗನಿಗೆ ಸಲ್ಲಬೇಕಾಗಿದ್ದ ಅಕ್ಕರೆಯು ಬೆರೆತಿದೆ.

ಹೀಗಿರಲಾಗಿ, ಬೆಳೆಸಿದ ತೋಟವು ಯಾರಿಗಾಗಿ ಎಂಬ ಪ್ರಶ್ನೆಯೇ ಈ ಕೃತಿಯ ಹುರುಳಾಗಿರುವದು. ಗೋಪಾಲಯ್ಯನ ಬಳಿ ಅದಕ್ಕೆ ಒಂದು ಉತ್ತರವುಂಟು: ದುಡಿಮೆಯೇ ಅವನಿಗೆ ಸುಖ, ಕಾಟುಮೂಲೆಯ ನಾರಾಯಣನು ಮಗನಿದ್ದಂತೆ. ಶಂಕರಮ್ಮನಿಗೆ ಆ ಉತ್ತರವು ಸಾಲದು. ಗಂಡನ ನಗೆಚಾಟಿಕೆಗೆ ಅವಳೂ ನಗುವಳು, ಮರುಮಾತನ್ನೂ ಆಡುವಳು; ಆದರೆ ನಗೆ ನಿಂತ ಮೇಲೆ ಉಳಿಯುವ ಮೌನವು ಅವಳದು. ಗಂಡನ ಉತ್ಸಾಹವನ್ನು ಒರೆಗೆ ಹಚ್ಚುವ ಕಲ್ಲು ಆ ಮೌನ. ಅದಿಲ್ಲದಿದ್ದರೆ ‘ಬೆಟ್ಟದ ಜೀವ’ವು ಒಬ್ಬ ಸಾಹಸಿಯ ಪ್ರಶಸ್ತಿಯಾಗಿ ಮಾತ್ರ ಉಳಿಯುತ್ತಿತ್ತು.

ಕೃತಿಯಲ್ಲಿ ಕೊರತೆ ಇಲ್ಲವೆಂದಲ್ಲ. ಕಥೆಯನ್ನು ಹೇಳುವವನು ಕೆಲದಿನಗಳ ಅತಿಥಿ. ಆದುದರಿಂದ ಅವನಿಗೆ ಕಾಣುವದು ಜಗಲಿ ಮತ್ತು ಊಟದ ಎಲೆ. ಕಾಡು ಕಡಿದ ಮೊದಲ ವರುಷಗಳ ಕಷ್ಟವು ಹೆಚ್ಚಾಗಿ ಗಂಡನ ಬಾಯಿಂದಲೇ ಬರುತ್ತದೆ; ಅದೇ ವರುಷಗಳನ್ನು ಒಲೆಯ ಮುಂದೆ ಕಳೆದವಳ ನೆನಪು ಬೇರೆಯಾಗಿದ್ದಿರಬೇಕು. ‘ಮರಳಿ ಮಣ್ಣಿಗೆ’ಯಲ್ಲಿ ಕಾರಂತರೇ ಇದನ್ನು ಬೇರೆ ಬಗೆಯಲ್ಲಿ ಸಾಧಿಸಿರುವರು. ಅಲ್ಲಿ ಕೋಡಿಯ ಉಪ್ಪುಗಾಳಿಯಲ್ಲಿ ಪಾರೋತಿ ಸರಸೋತಿಯರ ಬೆನ್ನು ಬಾಗುವದನ್ನು ವಾಚಕನು ಕಣ್ಣಾರೆ ಕಾಣುವನು. ನಾಗವೇಣಿಯು ಮಗನೊಡನೆ ಹಾಳುಬಿದ್ದ ಮನೆಗೆ ಮರಳಿದಾಗ ನೆಲವನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರದೆಂಬುದು ಸ್ಪಷ್ಟವಾಗುವದು. ದೇರಣ್ಣ, ಬಟ್ಯರಂಥ ಆಳುಮಕ್ಕಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು: ದಾರಿ ತೋರಿಸಿ ಅತಿಥಿಯನ್ನು ಮನೆ ಮುಟ್ಟಿಸಿದವರು ಅವರು, ಕಥೆಯು ಅವರ ಒಲೆಯ ತನಕ ಹೋಗುವದು ಕಡಿಮೆ.

ಇಷ್ಟಾದರೂ ಶಂಕರಮ್ಮನ ಚಿತ್ರವು ಅಲ್ಪ ರೇಖೆಗಳಲ್ಲಿಯೇ ಪೂರ್ಣವಾಗಿದೆ. ಬೆರೆಟಳನ್ನು ನೆಲವೇ ಸೋಲಿಸಿತು. ಶಂಕರಮ್ಮನು ನೆಲವನ್ನು ಗೆದ್ದು, ಆ ಗೆಲವನ್ನು ಕೈಗೆ ಕೊಡಲು ಮಗನಿಲ್ಲದೆ ನಿಂತಳು. ಎರಡನೆಯದು ಸದ್ದಿಲ್ಲದ ದುಃಖ, ಹೆಚ್ಚು ಬಳಕೆಯದು ಕೂಡ. ಹುಬ್ಬಳ್ಳಿಯ ದೇಶಪಾಂಡೆ ನಗರದಂಥ ನೆಲೆಗೊಂಡ ಬಡಾವಣೆಗಳಲ್ಲಿಯೂ, ಮಕ್ಕಳು ಪುಣೆ ಬೆಂಗಳೂರುಗಳನ್ನೂ ಸಮುದ್ರದಾಚೆಯನ್ನೂ ಸೇರಿದ ಮೇಲೆ, ಕಷ್ಟಪಟ್ಟು ಕಟ್ಟಿಸಿದ ಮನೆಗಳನ್ನು ಕಾಯುತ್ತ ಕುಳಿತ ತಾಯಂದಿರಿಗೆ ಕೊರತೆಯಿಲ್ಲ. ಅಂಥ ಮನೆಗಳಲ್ಲಿ ಈ ಕಾದಂಬರಿಯನ್ನು ಮತ್ತೊಮ್ಮೆ ಓದುವದಾದರೆ, ಗೋಪಾಲಯ್ಯನ ಮಾತಿಗೆ ಕೊಟ್ಟಷ್ಟೇ ಕಿವಿಯನ್ನು ಶಂಕರಮ್ಮನ ಮೌನಕ್ಕೂ ಕೊಡುವದು ಯೋಗ್ಯ.