ಕ್ರೋಮಿಯಂ ಲೇಪದ ಕುಳಿಗಳು: ಒಂದು ಅರ್ಧಸತ್ಯ

ಕಂಕನಾಡಿಯಲ್ಲಿ ಹಳೆಯ ಲಾರಿಯೊಂದು ಕಂಡರೆ ಅದರ ಕ್ರೋಮಿಯಂ ಪಟ್ಟಿಯನ್ನು ಗಮನಿಸಿ. ಹೊಳಪಿನ ನಡುವೆ ಕಂದು ಕುಳಿಗಳಿರಬಹುದು. ‘ಕ್ರೋಮಿಯಂ ಲೇಪ ತುಕ್ಕನ್ನು ತಡೆಯುತ್ತದೆ’ ಎಂದು ನಾವು ತರಗತಿಯಲ್ಲಿ ಹೇಳುವುದು ಅರ್ಧಸತ್ಯ. ಅಲಂಕಾರದ ಕ್ರೋಮಿಯಂ ಪದರ 1 ಮೈಕ್ರೊಮೀಟರ್‌ಗಿಂತ ತೆಳು. ಅದರಲ್ಲಿ ಸೂಕ್ಷ್ಮ ಬಿರುಕುಗಳೂ ಉಂಟು. ನಿಜವಾದ ಕಾವಲು ಅದರಡಿಯ ದಪ್ಪ ನಿಕ್ಕಲ್‌ನದು. ಕಡಲ ಗಾಳಿಯ ಉಪ್ಪು ಬಿರುಕಿನಲ್ಲಿಳಿದು ನಿಕ್ಕಲನ್ನೂ ದಾಟಿ ಉಕ್ಕನ್ನು ತಲುಪಿದರೆ ವಿಶಾಲ ಲೇಪವೇ ಕ್ಯಾಥೋಡ್, ಪುಟ್ಟ ಚುಕ್ಕೆ ಆನೋಡ್! ಉಕ್ಕು ಅಲ್ಲೇ ಆಳಕ್ಕೆ ಸವೆಯುತ್ತದೆ. ಸತುವಿನ ಲೇಪದಲ್ಲಾದರೋ ಸತುವೇ ಸವೆದು ಉಕ್ಕನ್ನು ಉಳಿಸುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೋಧಿಸುವುದು ಸರಿಯಲ್ಲ.

ಅಲ್ಯೂಮಿನಿಯಂ ಹಾಳೆಯಿಂದ ಉಜ್ಜಿದರೆ ಪಟ್ಟಿ ಹೊಸದಾಗುತ್ತದೆಂಬ ಸಲಹೆಯೂ ಅಷ್ಟೆ: ತುಕ್ಕು ಹೋಗುತ್ತದೆ, ಕುಳಿ ಉಳಿಯುತ್ತದೆ. ಹಳೆಯ ಲೇಪ ತೆಗೆದು, ಕುಳಿಗೆ ತಾಮ್ರ ತುಂಬಿ, ನಯಗೊಳಿಸಿ, ನಿಕ್ಕಲ್ ಮತ್ತು ಕ್ರೋಮಿಯಂ ಲೇಪಿಸಬೇಕು. ಸಾಂಪ್ರದಾಯಿಕ ಲೇಪನ ದ್ರಾವಣದಲ್ಲಿರುವ +6 ಸ್ಥಿತಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದನ್ನು ಶಾಲೆಗೆ ತರಬೇಡಿ.