ಜೇಬಿನ ಧ್ವನಿಮುದ್ರಕ: ಊರಿನ ಸದ್ದಿನಲ್ಲಿ ಒಂದು ಪರೀಕ್ಷೆ

ಮಹಾಲಿಂಗಪುರದಲ್ಲಿ ಹಾಡು ಮುದ್ರಿಸಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಮಗ್ಗ. ನೇಕಾರರ ಓಣಿಯಲ್ಲಿ ಯಾವ ಮನೆಯಲ್ಲಿ ಕುಳಿತರೂ ಪಕ್ಕದ ವಿದ್ಯುತ್ ಮಗ್ಗದ ಸದ್ದು ಗೋಡೆ ದಾಟಿ ಬರುತ್ತದೆ. ಹದಿನೈದು ವರ್ಷಗಳ ಹಿಂದೆ ನನ್ನ ಸೋದರತ್ತೆ ಹಾಡಿದ ಬೀಸುವ ಪದಗಳನ್ನು ಒಂದು ಹಳೆಯ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಆಕೆ ಈಗಿಲ್ಲ. ಆ ಕಡತವನ್ನು ಕೇಳಿದಾಗಲೆಲ್ಲ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಹಾಡಿನ ಸಾಲು ಮುಗಿದೊಡನೆ ಮಗ್ಗ ಮುಂದೆ ಬರುತ್ತದೆ. ಮುಂದಿನ ಸಾಲು ಆರಂಭವಾದೊಡನೆ ಹಿಂದೆ ಸರಿಯುತ್ತದೆ. 'ಸ'ಕಾರ, 'ಶ'ಕಾರಗಳು ಬೇರೆ ಬೇರೆಯಾಗಿ ಕೇಳುವುದೇ ಇಲ್ಲ.

ಇದಕ್ಕೆ ಕಾರಣ ಎರಡು. ಮೊಬೈಲಿನಲ್ಲಿ ಧ್ವನಿಯ ಮಟ್ಟವನ್ನು ತಾನಾಗಿಯೇ ಹೊಂದಿಸುವ ವ್ಯವಸ್ಥೆ ಇರುತ್ತದೆ. ಸದ್ದು ತಗ್ಗಿದಾಗ ಅದು ವರ್ಧನೆಯನ್ನು ಹೆಚ್ಚಿಸುತ್ತದೆ. ಅತ್ತೆ ಉಸಿರು ತೆಗೆದುಕೊಂಡ ಕ್ಷಣದಲ್ಲಿ ಅದು ಮಗ್ಗವನ್ನೇ ಹಾಡು ಎಂದು ತಿಳಿದು ಮೇಲೆತ್ತಿತು. ಎರಡನೆಯದು, ಆ ಮೊಬೈಲ್ ಕಡತವನ್ನು ಎಎಮ್‌ಆರ್ ಎಂಬ ಸಂಕೋಚಿತ ರೂಪದಲ್ಲಿ ಉಳಿಸಿತ್ತು. ಅದರಲ್ಲಿ ಸೆಕೆಂಡಿಗೆ 8,000 ಮಾದರಿಗಳು ಮಾತ್ರ. ಮಾದರಿ ದರದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಯನ್ನು ಮುದ್ರಿಸಲಾಗದು ಎಂಬುದು ನೈಕ್ವಿಸ್ಟ್ ನಿಯಮ. ಅಂದರೆ 4 ಕಿಲೊಹರ್ಟ್ಜ್ ಮೇಲಿನದೆಲ್ಲ ಹೋಯಿತು. 'ಸ'ಕಾರದ ಶಕ್ತಿ ಬಹುಪಾಲು ಇರುವುದೇ ಅದಕ್ಕಿಂತ ಮೇಲೆ. ಹೀಗೆ ಕಳೆದುದನ್ನು ಯಾವ ತಂತ್ರಾಂಶವೂ ಮರಳಿ ತಾರದು.

ಈ ಪಶ್ಚಾತ್ತಾಪವೇ ಈ ಪರೀಕ್ಷೆಗೆ ಪ್ರೇರಣೆ. ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ, ಅಂಗೈಯಷ್ಟು ಗಾತ್ರದ ಅಂಕೀಯ ಧ್ವನಿಮುದ್ರಕವೊಂದನ್ನು ಸ್ನೇಹಿತರಿಂದ ತಂದು, ಮನೆಯಲ್ಲಿ, ಜಾತ್ರೆಯಲ್ಲಿ ಮತ್ತು ಆಟದ ಅಟ್ಟದ ಮುಂದೆ ಬಳಸಿ ನೋಡಿದೆ. ಈ ದರ್ಜೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವಾದ್ದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಕುಡೆಲ್‌ಸ್ಕಿ ಎಂಬ ತಂತ್ರಜ್ಞ 1951ರಲ್ಲಿ ನಾಗ್ರಾ ಎಂಬ ಟೇಪ್ ಯಂತ್ರವನ್ನು ರೂಪಿಸಿದ ಮೇಲೆ, ಸ್ಟುಡಿಯೊದ ಹೊರಗೆ ಒಳ್ಳೆಯ ಧ್ವನಿಮುದ್ರಣ ಸುಲಭವಾಯಿತು. ಆದರೆ ಅದು ಹೆಗಲಿಗೆ ಭಾರ, ಜೇಬಿಗೂ ಭಾರ. 2006ರ ಸುಮಾರಿಗೆ ಎಡಿರೋಲ್ ಆರ್-09, ಝೂಮ್ ಎಚ್4 ಮುಂತಾದ ಯಂತ್ರಗಳು ಬಂದು, ಮೆಮೊರಿ ಕಾರ್ಡಿನ ಮೇಲೆ 24 ಬಿಟ್ ಮುದ್ರಣ ಸಾಮಾನ್ಯರ ಕೈಗೆ ಸಿಕ್ಕಿತು.

ನಾನು ಪರೀಕ್ಷಿಸಿದ ಯಂತ್ರದ ಪೆಟ್ಟಿಗೆಯ ಮೇಲೆ '24 ಬಿಟ್, 96 ಕಿಲೊಹರ್ಟ್ಜ್' ಎಂದು ದೊಡ್ಡದಾಗಿ ಮುದ್ರಿಸಲಾಗಿದೆ. ಇದರ ಅರ್ಥವೇನು? ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್‌ನಷ್ಟು ವ್ಯಾಪ್ತಿ ಕೊಡುತ್ತದೆ. 16 ಬಿಟ್‌ಗೆ 96 ಡೆಸಿಬೆಲ್, 24 ಬಿಟ್‌ಗೆ 144 ಡೆಸಿಬೆಲ್. ರಾತ್ರಿ ಮಗ್ಗ ನಿಂತ ಮೇಲಿನ ನಿಶ್ಶಬ್ದ ಕೋಣೆ ಸುಮಾರು 30 ಡೆಸಿಬೆಲ್. ಜಾತ್ರೆಯ ವಾದ್ಯದ ಹತ್ತಿರ 110ಕ್ಕೂ ಮೇಲೆ. ಇವೆರಡರ ಅಂತರ ಸುಮಾರು 80. ಅಂದರೆ ಲೆಕ್ಕಕ್ಕೆ 16 ಬಿಟ್ಟೇ ಸಾಕು. 24 ಬಿಟ್‌ನ ನಿಜವಾದ ಉಪಯೋಗ ಬೇರೆ: ಮಟ್ಟವನ್ನು ಗರಿಷ್ಠಕ್ಕಿಂತ 12 ಅಥವಾ 20 ಡೆಸಿಬೆಲ್ ಕೆಳಗೆ ಇಟ್ಟುಕೊಂಡು ನಿಶ್ಚಿಂತೆಯಿಂದ ಮುದ್ರಿಸಬಹುದು, ಕಲಾವಿದರು ಇದ್ದಕ್ಕಿದ್ದಂತೆ ದನಿ ಏರಿಸಿದರೂ ಭಯವಿಲ್ಲ. 96 ಕಿಲೊಹರ್ಟ್ಜ್ ಕೂಡ ನಮಗೆ ಅನವಶ್ಯಕ. ಮನುಷ್ಯರ ಕಿವಿ ಸುಮಾರು 20 ಕಿಲೊಹರ್ಟ್ಜ್‌ವರೆಗೆ ಕೇಳುತ್ತದೆ. 48ರ ಮಾದರಿ ದರ 24ರವರೆಗೆ ಹಿಡಿಯುತ್ತದೆ. ಆದುದರಿಂದ ಮೂರೂ ಪರೀಕ್ಷೆಗಳನ್ನು 24 ಬಿಟ್, 48 ಕಿಲೊಹರ್ಟ್ಜ್‌ನಲ್ಲಿ, ಸಂಕೋಚನವಿಲ್ಲದ ವೇವ್ ರೂಪದಲ್ಲಿ ನಡೆಸಿದೆ. ಮಟ್ಟ ಹೊಂದಿಸುವ ಸ್ವಯಂಚಾಲಿತ ಗುಂಡಿಯನ್ನು ಮೊದಲೇ ಆರಿಸಿದೆ.

ಮೊದಲ ಪರೀಕ್ಷೆ: ಮನೆಯ ಪಡಸಾಲೆ

ಮೊದಲು ಯಂತ್ರದ ಸ್ವಂತ ಗದ್ದಲವನ್ನು ತಿಳಿಯಬೇಕು. ರಾತ್ರಿ ಎರಡು ಗಂಟೆಗೆ ಅದನ್ನು ಕೌದಿಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಒಂದು ನಿಮಿಷ ಮುದ್ರಿಸಿದೆ. ಕೇಳಿದಾಗ 'ಸುಯ್' ಎಂಬ ಸದ್ದು ಸ್ಪಷ್ಟವಾಗಿತ್ತು. ಇದು ಹೊರಗಿನದಲ್ಲ, ಪುಟ್ಟ ಮೈಕು ಮತ್ತು ಅದರ ವರ್ಧಕದಲ್ಲಿ ಹುಟ್ಟುವ ಗದ್ದಲ. ಈ ಬೆಲೆಯ ಯಂತ್ರಗಳ ಮುಖ್ಯ ಕೊರತೆಯೇ ಇದು. ಪೆಟ್ಟಿಗೆಯ ಮೇಲೆ ಇದರ ಅಂಕಿ ಇಲ್ಲ. 144 ಡೆಸಿಬೆಲ್ ಎಂಬುದು ಪಾತ್ರೆಯ ಆಳ. ಅದರ ತಳದಲ್ಲಿ ಎಷ್ಟು ಕೆಸರಿದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಮರುದಿನ ಓಣಿಯ ಹಿರಿಯರೊಬ್ಬರನ್ನು ಹಾಡಲು ಕೇಳಿಕೊಂಡೆ. ಯಂತ್ರವನ್ನು ಒಂದು ಮೀಟರ್ ದೂರದಲ್ಲಿಟ್ಟು ಒಂದು ಪದ ಮುದ್ರಿಸಿ ಕೇಳಿಸಿದಾಗ ಅವರೆಂದರು: "ನನ್ನ ದನಿಗಿಂತ ಮಗ್ಗದ ದನೀನ ಜೋರ ಐತಲ್ಲೋ ತಮ್ಮಾ."

ಆಗ ವರ್ಧನೆಯ ಗುಂಡಿಯನ್ನು ಮುಟ್ಟದೆ, ಯಂತ್ರವನ್ನು ಅವರ ಬಾಯಿಂದ ಸುಮಾರು 25 ಸೆಂಟಿಮೀಟರ್ ದೂರಕ್ಕೆ, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರಕ್ಕೆ, ಉಸಿರು ನೇರ ಬಡಿಯದಂತೆ ಸ್ವಲ್ಪ ಓರೆಯಾಗಿ ತಂದೆ. ದೂರ ಅರ್ಧವಾದಾಗ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಏರುತ್ತದೆ. ಒಂದು ಮೀಟರಿನಿಂದ ಕಾಲು ಮೀಟರಿಗೆ ಎರಡು ಸಲ ಅರ್ಧವಾಯಿತು: 12 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ 16 ಪಟ್ಟು. ಯಂತ್ರದ 'ಸುಯ್' ಎಂಬ ಸದ್ದಾಗಲಿ ಗೋಡೆಯಾಚೆಯ ಮಗ್ಗವಾಗಲಿ ಇದರಿಂದ ಏರುವುದಿಲ್ಲ. ಹಾಡು ಮಾತ್ರ ಏರುತ್ತದೆ. ಎರಡನೆಯ ಮುದ್ರಣದಲ್ಲಿ ಮಗ್ಗ ದೂರದ ಹಿನ್ನೆಲೆಯಾಯಿತು. 'ಸ'ಕಾರ, 'ಶ'ಕಾರಗಳು ಬೇರೆಯಾದವು. ಇದಕ್ಕೆ ಒಂದು ಪೈಸೆಯ ಖರ್ಚೂ ಆಗಲಿಲ್ಲ.

ಎರಡನೆಯ ಪರೀಕ್ಷೆ: ಕರಡಿ ಮಜಲು

ಮಹಾಲಿಂಗೇಶ್ವರ ಜಾತ್ರೆಯಲ್ಲಿ ಸಮಸ್ಯೆ ತಿರುಗುಮುರುಗಾಯಿತು. ಕರಡಿ ಮಜಲಿನ ಮುಂದೆ ಒಂದು ಮೀಟರ್ ಅಂತರದಲ್ಲಿ ನಿಂತಾಗ ಮಟ್ಟಸೂಚಕ ಕೆಂಪಾಯಿತು. ವರ್ಧನೆಯನ್ನು ಕನಿಷ್ಠಕ್ಕೆ ಇಳಿಸಿದೆ, ಕೆಂಪು ಹೋಯಿತು. ಆದರೆ ಮನೆಗೆ ಬಂದು ಕೇಳಿದರೆ ಪ್ರತಿ ಪೆಟ್ಟಿನಲ್ಲಿಯೂ ಒಡಕು! ಕಂಪ್ಯೂಟರಿನಲ್ಲಿ ತರಂಗದ ಚಿತ್ರ ನೋಡಿದಾಗ ಕಾರಣ ತಿಳಿಯಿತು. ತರಂಗದ ಶಿಖರಗಳು ಗರಿಷ್ಠ ಗೆರೆಗಿಂತ ಕೆಳಗೇ ಇದ್ದವು, ಆದರೂ ಚಪ್ಪಟೆಯಾಗಿದ್ದವು. ಅಂದರೆ ಧ್ವನಿ ಒಡೆದದ್ದು ಅಂಕಿಗಳಾಗಿ ಪರಿವರ್ತನೆಯಾಗುವಾಗ ಅಲ್ಲ. ಅದಕ್ಕೂ ಮೊದಲೇ, ಮೈಕಿನಲ್ಲಿ. ಇಂಥ ಮೈಕುಗಳು ತಡೆಯುವ ಗರಿಷ್ಠ ಮಟ್ಟ ಸಾಮಾನ್ಯವಾಗಿ 120 ಡೆಸಿಬೆಲ್. ಕ್ಷಣಮಾತ್ರದ ಪೆಟ್ಟು ಅದನ್ನು ಮೀರಿತ್ತು.

ಈಚಿನ ಕೆಲವು ಯಂತ್ರಗಳಲ್ಲಿ '32 ಬಿಟ್ ಫ್ಲೋಟ್' ಎಂಬ ವ್ಯವಸ್ಥೆ ಬಂದಿದೆ. ಮಟ್ಟ ಹೊಂದಿಸುವ ಚಿಂತೆಯೇ ಬೇಡ ಎಂದು ಜಾಹೀರಾತು ಹೇಳುತ್ತದೆ. ಪರಿವರ್ತನೆಯ ಹಂತದ ಒಡಕನ್ನು ಅದು ತಪ್ಪಿಸುವುದು ನಿಜ. ಆದರೆ ಮೈಕಿನಲ್ಲಿಯೇ ಒಡೆದುದನ್ನು ಅದು ಕೂಡಿಸಲಾರದು. ಮೈಕಿನ 'ಸುಯ್' ಸದ್ದನ್ನೂ ಅಳಿಸಲಾರದು.

ಪರಿಹಾರ ಮತ್ತೆ ಅದೇ ನಿಯಮದಲ್ಲಿದೆ. ಒಂದು ಮೀಟರಿನಿಂದ ನಾಲ್ಕು ಮೀಟರಿಗೆ ಹಿಂದೆ ಸರಿದೆ: 12 ಡೆಸಿಬೆಲ್ ಇಳಿಯಿತು, ಒಡಕು ಮಾಯವಾಯಿತು. ಮನೆಯಲ್ಲಿ ಗಳಿಸಿದ ಅದೇ 12 ಡೆಸಿಬೆಲ್ಲನ್ನು ಜಾತ್ರೆಯಲ್ಲಿ ಕಳೆದೆ ಎನ್ನಬಹುದು.

ಬಯಲಿನಲ್ಲಿ ಇನ್ನೊಂದು ಶತ್ರು ಗಾಳಿ. ಯಂತ್ರದ ಜೊತೆ ಬಂದ ಸ್ಪಂಜಿನ ಟೊಪ್ಪಿಗೆ ಉಸಿರನ್ನು ತಡೆದೀತು, ಗಾಳಿಯನ್ನಲ್ಲ. 'ಕೆಳ ಆವೃತ್ತಿ ತಡೆ' ಎಂಬ ಗುಂಡಿ ಒತ್ತಿದರೆ ಗಾಳಿಯ ಗುಡುಗು ತಗ್ಗುತ್ತದೆ ನಿಜ, ಆದರೆ ಕರಡಿಯ ಘನವಾದ ತಗ್ಗು ನಾದವೂ ಅದರೊಡನೆ ಹೋಗುತ್ತದೆ. ಹಳೆಯ ಗೊಂಬೆಯ ತುಪ್ಪುಳು ಬಟ್ಟೆಯಿಂದ ಹೊಲಿದ ಟೊಪ್ಪಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಮೂರನೆಯ ಪರೀಕ್ಷೆ: ರಾತ್ರಿಯಿಡೀ ಪಾರಿಜಾತ

ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಹೆಮ್ಮೆಯ ಆಟ. ಅದು ರಾತ್ರಿ ಬೆಳಗಾಗುವವರೆಗೆ ನಡೆಯುತ್ತದೆ. ಇಲ್ಲಿ ಲೆಕ್ಕ ಬೇರೆ. ಸೆಕೆಂಡಿಗೆ 48,000 ಮಾದರಿ, ಮಾದರಿಗೆ 3 ಬೈಟ್, ಎರಡು ವಾಹಿನಿ: ಒಟ್ಟು 2,88,000 ಬೈಟ್. ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು. ಸಾಮಾನ್ಯ ವೇವ್ ಕಡತ 4 ಗಿಗಾಬೈಟ್ ಮೀರುವಂತಿಲ್ಲ. ಅಂದರೆ ಸುಮಾರು 4 ಗಂಟೆ 8 ನಿಮಿಷಕ್ಕೆ ಕಡತ ತುಂಬುತ್ತದೆ. ನಮ್ಮ ಯಂತ್ರ ತಾನಾಗಿಯೇ ಹೊಸ ಕಡತ ತೆರೆಯಿತು. ಎರಡನ್ನೂ ಜೋಡಿಸಿದಾಗ ಸೇರಿಕೆ ಕಿವಿಗೆ ತಿಳಿಯಲಿಲ್ಲ. ಇದು ಮೆಚ್ಚತಕ್ಕ ಗುಣ.

ಬ್ಯಾಟರಿಯ ವಿಷಯದಲ್ಲಿ ಈ ಮೆಚ್ಚುಗೆ ಸಲ್ಲದು. ಕೈಪಿಡಿಯಲ್ಲಿ ಹತ್ತು ಗಂಟೆ ಎಂದಿದ್ದರೂ, ಹತ್ತಕ್ಕೆ ಆರಂಭಿಸಿದ ಮುದ್ರಣ ನಸುಕಿನ ನಾಲ್ಕರ ಹೊತ್ತಿಗೆ ಕೊನೆಯ ಗೆರೆಗೆ ಇಳಿದಿತ್ತು. ಕಡತ ಮುಚ್ಚುವ ಮೊದಲೇ ಯಂತ್ರ ಆರಿದರೆ ಅದರ ತಲೆಬರಹ ಪೂರ್ಣವಾಗದೆ ಇಡೀ ಕಡತ ತೆರೆಯದೇ ಹೋಗಬಹುದು. ಪವರ್ ಬ್ಯಾಂಕ್ ಜೊತೆಗಿರಲಿ.

ಯಂತ್ರವನ್ನು ಎಲ್ಲಿಡಬೇಕು? ಕೊಳವೆಯಾಕಾರದ ಧ್ವನಿವರ್ಧಕದ ಮುಂದೆ ಇಟ್ಟರೆ ಮುದ್ರಣವಾಗುವುದು ಪಾರಿಜಾತವಲ್ಲ, ಧ್ವನಿವರ್ಧಕ. ಅದರಲ್ಲಿ ತಗ್ಗಿನ ನಾದವೇ ಇರುವುದಿಲ್ಲ. ಹಾರ್ಮೋನಿಯಂ, ತಬಲಾ, ತಾಳದವರಿಂದ ಎರಡು ಮೀಟರ್ ಮುಂದೆ, ಎದೆಯ ಎತ್ತರಕ್ಕೆ ಕಂಬಕ್ಕೆ ಕಟ್ಟಿದಾಗ ಫಲಿತಾಂಶ ಅತ್ಯುತ್ತಮವಾಗಿತ್ತು. ಕೈಯಲ್ಲಿ ಹಿಡಿಯಬೇಡಿ, ಬೆರಳು ಸರಿದ ಸದ್ದೂ ಗುಡುಗಿನಂತೆ ಮುದ್ರಣವಾಗುತ್ತದೆ.

ಕೊಳ್ಳಬಹುದೆ?

ಕೊಳ್ಳಬಹುದು, ಆದರೆ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಅಲ್ಲ. ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಸ್ವಯಂಚಾಲಿತ ಮಟ್ಟವನ್ನು ಆರಿಸಬಹುದೆ? ಮೈಕು ಎಷ್ಟು ಡೆಸಿಬೆಲ್ ತಡೆಯುತ್ತದೆ? ಸ್ವಂತ ಗದ್ದಲ ಎಷ್ಟು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಹೆಡ್‌ಫೋನ್ ಹಾಕಿಕೊಂಡು ಕಿವಿಯಿಂದಲೇ ಪರೀಕ್ಷಿಸಿ. ಮೆಲುದನಿಯ ಹಾಡಿಗೆ ಈ ದರ್ಜೆಯ ಯಂತ್ರ ಹತ್ತಿರವಿಟ್ಟರೆ ಮಾತ್ರ ಉತ್ತೀರ್ಣ. ಜೋರಿನ ವಾದ್ಯಕ್ಕೆ ದೂರವಿಟ್ಟರೆ ಮಾತ್ರ ಉತ್ತೀರ್ಣ. ಅದರ ಅತ್ಯುತ್ತಮ ನಿಯಂತ್ರಣ ನಮ್ಮ ಕಾಲುಗಳೇ.

ಯಂತ್ರ ಕೊಳ್ಳಲಾಗದ ಶಾಲೆಗಳೂ ನಿರಾಶರಾಗಬೇಕಿಲ್ಲ. ಸಂಕೋಚನವಿಲ್ಲದೆ ಮುದ್ರಿಸುವ, ಮಟ್ಟವನ್ನು ಕೈಯಿಂದ ಹೊಂದಿಸಲು ಬಿಡುವ ತಂತ್ರಾಂಶವಿದ್ದರೆ ಇಂದಿನ ಮೊಬೈಲಿನಿಂದಲೂ ಕೆಲಸ ನಡೆಯುತ್ತದೆ. ಒಂದು, ಅರ್ಧ ಮತ್ತು ಕಾಲು ಮೀಟರ್ ದೂರದಲ್ಲಿ ಒಂದೇ ಸದ್ದನ್ನು ಮುದ್ರಿಸಿ ಮಟ್ಟಗಳನ್ನು ಹೋಲಿಸುವುದು ಹತ್ತನೆಯ ತರಗತಿಗೆ ಒಳ್ಳೆಯ ಪ್ರಯೋಗ. ಬಯಲಿನಲ್ಲಿ 6 ಡೆಸಿಬೆಲ್ ಅಂತರ ಸಿಕ್ಕುತ್ತದೆ, ಕೋಣೆಯಲ್ಲಿ ಕಡಿಮೆ. ಏಕೆ ಎಂದು ಮಕ್ಕಳನ್ನೇ ಕೇಳಿ.

ಆ ಮೇಲೆ ಅವರನ್ನು ಅಜ್ಜಿಯರ ಬಳಿ ಕಳುಹಿಸಿ. ಮೊದಲು ಒಪ್ಪಿಗೆ ಕೇಳಲಿ. ಮುದ್ರಣದ ಆರಂಭದಲ್ಲಿ ಹಾಡುವವರ ಹೆಸರು, ಊರು, ದಿನಾಂಕ ಹೇಳಲಿ. ಕಡತವನ್ನು ಎರಡು ಕಡೆ ಉಳಿಸಲಿ. ಸೋದರತ್ತೆ ಹಾಡಿದ ದಿನ ನನ್ನ ಬಳಿ ಒಳ್ಳೆಯ ಯಂತ್ರವಿರಲಿಲ್ಲ ಎಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೆ. ಈಗ ಅನಿಸುತ್ತದೆ: ಇದ್ದ ಮೊಬೈಲನ್ನೇ ಮುಕ್ಕಾಲು ಮೀಟರ್ ಮುಂದೆ ಸರಿಸಿದ್ದರೂ ಸಾಲಿನ ನಡುವೆ ಮಗ್ಗ ಇಷ್ಟು ಮುಂದೆ ಬಂದು ಕೂಡುತ್ತಿರಲಿಲ್ಲ.