ನವಿಲುತೀರ್ಥದ ಹೊಸ್ತಿಲು

ಚಿಕ್ಕನರಗುಂದದ ಎರೆಹೊಲದ ಬದುವಿನ ಮೇಲೆ ಕೂತು ನಾರ್ವೆಯ ಫಿಯೋರ್ಡ್ ಮಾತೆತ್ತಿದರೆ ನಗುವವರೇ ಹೆಚ್ಚು. ಗಾಳ ಹಿಡಿದವರು ನಗಬೇಕಿಲ್ಲ. ಪಡುವಣಕ್ಕೆ, ಸವದತ್ತಿ ಹತ್ತಿರ ನವಿಲುತೀರ್ಥವಿದೆ. ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲಿ ಗುಡ್ಡವನ್ನು ಸೀಳಿಕೊಂಡು ಹೊರಬೀಳುತ್ತಾಳೆ. ಎರಡೂ ಕಡೆ ಕಡಿದಾದ ಕಲ್ಲು, ನಡುವೆ ಇಕ್ಕಟ್ಟಾದ ನೀರು. ನವಿಲೊಂದು ಅಣಕಿಸಿದ್ದಕ್ಕೆ ಹೊಳೆ ಸಿಟ್ಟಿಗೆದ್ದು ಗುಡ್ಡ ಒಡೆಯಿತಂತೆ. ಕಥೆ ಚೆನ್ನಾಗಿದೆ, ಇರಲಿ.

ಫಿಯೋರ್ಡೆಂಬ ಕಡಲ ತೋಳೂ ಇಂಥದ್ದೇ ಇಕ್ಕಟ್ಟು, ಆದರೆ ಅದನ್ನು ಕೊರೆದದ್ದು ಹೊಳೆಯಲ್ಲ, ಹಿಮನದಿ. ಸೊಗ್ನೆಫಿಯೋರ್ಡ್ 200 ಕಿ.ಮೀ.ಗೂ ಹೆಚ್ಚು ನೆಲದೊಳಗೆ ನುಗ್ಗಿದೆ, ಆಳ 1,300 ಮೀಟರ್ ದಾಟುತ್ತದೆ. ಕಡಲು ಸೇರುವ ಬಾಯಲ್ಲಿ ಮಾತ್ರ ತಳ ಮೇಲೆದ್ದು ಸುಮಾರು ನೂರು ಮೀಟರಿಗೆ ಬರುತ್ತದೆ. ಮುಳುಗಿದ ಈ ಹೊಸ್ತಿಲೇ ಒಳಗಿನ ಮೀನಿನ ಬದುಕನ್ನು ಆಳುವುದು. ಇಂಥ ಹೊಸ್ತಿಲು ತೀರ ಮೇಲಿದ್ದರೆ ಕಡಲಿನ ಹೊಸ ನೀರು ತಳ ಮುಟ್ಟದೆ, ಆಳದಲ್ಲಿ ಆಮ್ಲಜನಕ ಕುಗ್ಗುತ್ತದೆ. ಸಾಲ್ಮನ್‌ಗೆ ಅದೊಂದು ತಡೆಯೇ ಅಲ್ಲ. ದಾಟಿ ಬಂದು ಹೊಳೆ ಏರಿ ಮೊಟ್ಟೆ ಇಡುತ್ತದೆ.

ನಮ್ಮ ಹೊಸ್ತಿಲನ್ನು ನಾವೇ ಕಟ್ಟಿದೆವು. ನವಿಲುತೀರ್ಥದಲ್ಲಿ 1972ರಲ್ಲಿ ಮುಗಿದ ಅಣೆಕಟ್ಟನ್ನು ಯಾವ ಮೀನೂ ಏರಲಾರದು. ಅದರ ಹಿಂದಿರುವ ಜಲಾಶಯ ರೇಣುಕಾಸಾಗರದಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆಯ ಸೀಮೆಯವು. ಮುಂಗಾರಿನ ಹರಿಯುವ ನೀರು ಬೇಕು ಅವಕ್ಕೆ. ನಿಂತ ನೀರಲ್ಲಿ ಮರಿ ಮಾಡವು. ಅದಕ್ಕೇ ಜಲಾಶಯಗಳಿಗೆ ಮರಿ ತಂದು ಬಿಡುವುದು. ಕಾಟ್ಲಾ ಮೇಲುನೀರಿನದು, ರೋಹು ನಡುನೀರಿನದು, ಮೃಗಾಲ್ ಕೆಸರು ಕೆದಕುವಂಥದ್ದು. ಬೆಂಡು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದು ಇಷ್ಟರಲ್ಲೇ ತೀರ್ಮಾನವಾಯಿತು. ಉಂಡೆಯ ಹಿಟ್ಟು ಜೋಳದ್ದೋ ಕಡಲೆಯದ್ದೋ ಎಂಬ ವಾದ ಆಮೇಲಿನದು.

ನನಗೆ ಇವುಗಳಿಗಿಂತ ಬಾಳೆಮೀನಿನ ಮೇಲೆ ಆಸೆ. ಕೃಷ್ಣೆಯ ಬಳಗದ ಹಳೆಯ ಒಕ್ಕಲು, ಸಣ್ಣ ಮೀನು ನುಂಗಿ ಬದುಕುವ ಕಳ್ಳ. ಹೊತ್ತು ಇಳಿದ ಮೇಲೆ ಬೇಟೆಗೆ ಹೊರಡುತ್ತದೆ. ಬಲದಂಡೆ ಕಾಲುವೆ ನಮ್ಮ ಕಡೆಯ ಹೊಲಗಳಿಗೆ ನೀರು ಹರಿಸಿ ಜಲಾಶಯ ಬತ್ತಿಸಿದ ಬೇಸಿಗೆಯಲ್ಲಿ ಅಗಲ ಹಿನ್ನೀರನ್ನು ನೋಡಿ ಮೋಸಹೋಗಬೇಡಿ; ಆಳ ಉಳಿಯುವುದು ಹಳೆಯ ಹೊಳೆಯ ಪಾತ್ರದಲ್ಲಿ, ಅದು ಎಲ್ಲಿದೆ ಎಂದು ಅಲ್ಲಿಯ ಬಲೆಗಾರರನ್ನು ಕೇಳಿ. ಪರವಾನಗಿಯ ವಿಚಾರವನ್ನು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ತಿಳಿದುಕೊಳ್ಳಿ. ಇನ್ನು ಗೇಟು ತೆರೆಯುವ ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಗಾಳ ಹಿಡಿದು ನಿಲ್ಲುವವರಿಗೆ ನನ್ನ ಬಳಿ ಸಲಹೆಯಿಲ್ಲ, ಬೈಗುಳವಿದೆ.